ಗೊಬ್ಬರದ ಹಾಡಿನ ಪ್ಲೇಟು

ಹಳೆಯ ಗ್ರಾಮಫೋನ್ ಪ್ಲೇಟುಗಳ ವಿಷಯದಲ್ಲಿ ಮದ್ದೂರು ತಾಲ್ಲೂಕಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಈ ಹುಚ್ಚು ತಾಲ್ಲೂಕಿನಲ್ಲಿ ಇನ್ನೊಬ್ಬರಿಗೆ ಹತ್ತಿಲ್ಲವಾದ್ದರಿಂದ ಸ್ಪರ್ಧೆಯೇ ಇಲ್ಲ, ಅಷ್ಟೆ.

ಸಿನಿಮಾ ಹಾಡಿನ ಪ್ಲೇಟುಗಳನ್ನು ಯಾರು ಬೇಕಾದರೂ ಕೂಡಿಡಬಹುದು. ನನ್ನ ಸಂಗ್ರಹ ಅಂಥ ಸಾಮಾನ್ಯದ್ದಲ್ಲ. ಹಿಂದೆ ಗೊಬ್ಬರ, ಸೋಪು, ತಲೆನೋವಿನ ಮಾತ್ರೆ ಮಾಡುವ ಕಂಪನಿಗಳು ತಮ್ಮ ಸರಕಿನ ಮೇಲೆ ಹಾಡು ಕಟ್ಟಿಸಿ, ಒಂದು ಕಡೆಗೆ ಒಂದೇ ಹಾಡು ಹಿಡಿಸುವ ಸಣ್ಣ ಪ್ಲೇಟು ಮಾಡಿಸಿ, ರೇಡಿಯೊ ನಿಲಯಗಳಿಗೂ ತಮ್ಮ ಅಂಗಡಿಯವರಿಗೂ ಪುಕ್ಕಟೆ ಹಂಚುತ್ತಿದ್ದವು. ನಡುವಿನ ಕಾಗದದ ಮೇಲೆ ‘ಪ್ರಚಾರಕ್ಕೆ ಮಾತ್ರ, ಮಾರಾಟಕ್ಕಲ್ಲ’ ಎಂದು ಅಚ್ಚಾಗಿರುತ್ತಿತ್ತು. ನಾನು ಕೂಡಿಡುವುದು ಇವನ್ನೇ. ಸದ್ಯ ಅರವತ್ತಮೂರು ಇವೆ.

“ಮಾರಾಟಕ್ಕಲ್ಲ ಅಂತ ಅವ್ರೇ ಬರ್ದವ್ರೆ. ಅದ್ನ ದುಡ್ಡು ಕೊಟ್ಟು ತತ್ತೀರಲ್ಲ, ನಿಮ್ಗೆ ಓದೋಕೆ ಬರಾಕಿಲ್ವಾ?” ಎಂದು ನನ್ನ ಹೆಂಡತಿ ಸಾವಿತ್ರಿ ಕೇಳುತ್ತಾಳೆ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನಿಗೆ ಕೇಳುವ ಪ್ರಶ್ನೆಯೇ ಇದು? ಅವಳಿಗೆ ಇನ್ನೊಂದು ದೂರೂ ಉಂಟು. ತಂದ ಪ್ಲೇಟನ್ನು ನಾನು ಹಾಕಿ ಕೇಳುವುದಿಲ್ಲ. ಅಪರೂಪದ ಪ್ಲೇಟಿಗೆ ಸೂಜಿ ತಾಗಿದಷ್ಟೂ ಬೆಲೆ ಕಡಿಮೆಯಾಗುತ್ತದೆ ಎಂಬುದು ಸಂಗ್ರಾಹಕರ ಮೊದಲ ನಿಯಮ. ಹೀಗಾಗಿ ನಮ್ಮ ಮನೆಯಲ್ಲಿ ಅರವತ್ತಮೂರು ಹಾಡುಗಳಿವೆ, ಸದ್ದು ಮಾತ್ರ ಮಿಕ್ಸಿಯದು.

ಈ ಹುಚ್ಚಿನ ಬೇರು ಚಿಕ್ಕರಸಿನಕೆರೆಯಲ್ಲಿದೆ. ಅಲ್ಲಿ ಬಸ್ಸು ನಿಲ್ಲುವ ಕಡೆ ನಮ್ಮಪ್ಪನ ಟೀ ಹೋಟೆಲು ಇತ್ತು. ಗಲ್ಲಾದ ಮೇಲಿನ ಹಲಗೆಯಲ್ಲಿ, ದೇವರ ಪಟದ ಪಕ್ಕದಲ್ಲಿ, ರೇಡಿಯೊ. ಸಂಜೆ ರೈತರ ಕಾರ್ಯಕ್ರಮ ಬರುತ್ತಿತ್ತು, ಆಮೇಲೆ ಬೆಲ್ಲದ ಧಾರಣೆ. ಧಾರಣೆ ಕೇಳುವವರೆಗೂ ಉಸಿರು ಬಿಗಿಹಿಡಿದಿರುತ್ತಿದ್ದ ಜನ ಅದು ಮುಗಿದ ಕೂಡಲೇ ಸರ್ಕಾರವನ್ನು ಬೈಯಲು ಶುರು ಮಾಡುತ್ತಿದ್ದರು. ನಾನು ಉಸಿರು ಬಿಗಿಹಿಡಿಯುತ್ತಿದ್ದುದು ಆಗ. ಏಕೆಂದರೆ ಆಮೇಲೆ ಬರುತ್ತಿದ್ದುದು ಜಾಹೀರಾತು. ಅದರಲ್ಲಿ ಒಂದು ಗೊಬ್ಬರದ ಹಾಡು. ನಾಲ್ಕೈದು ಹುಡುಗಿಯರು ಒಟ್ಟಿಗೆ ಹಾಡುತ್ತಿದ್ದರು:

“ಅಪ್ಪಾ ಅಪ್ಪಾ, ಗೊಬ್ಬರ ಹಾಕಪ್ಪಾ, ಗದ್ದೆಗೆ ಎರಡೇ ಮೂಟೆ ಸಾಕಪ್ಪಾ.”

ಆಮೇಲೆ ಒಬ್ಬಳೇ ಹುಡುಗಿ: “ಸುಗ್ಗಿಗೆ ನಂಗೂ ಒಂದು ರೇಷ್ಮೆ ಲಂಗ ತಾರಪ್ಪಾ.”

ಆ ಕೊನೆಯ ‘ತಾರಪ್ಪಾ’ವನ್ನು ಅವಳು ಮೇಲಕ್ಕೆ ಎತ್ತಿ, ಅಲ್ಲೇ ಬಿಟ್ಟುಬಿಡುತ್ತಿದ್ದಳು. ಇಳಿಸುತ್ತಿರಲಿಲ್ಲ. ಹನ್ನೊಂದು ವರ್ಷದ ನಾನು ಕೈಯಲ್ಲಿ ಟೀ ಲೋಟ ಹಿಡಿದು ನಿಂತುಬಿಡುತ್ತಿದ್ದೆ. “ಗೊಬ್ಬರುದ್ ಹಾಡ್ಗೆ ಬಾಯ್ ಬುಟ್ಕಂಡ್ ನಿಂತವ್ನಲ್ಲಪ್ಪ ಇವ್ನು” ಎಂದು ಅಪ್ಪ ಗದರುತ್ತಿದ್ದ. ಸುಳ್ಳೇಕೆ ಹೇಳಲಿ, ನನ್ನ ಬಾಳಿನಲ್ಲಿ ನಾನು ಮೊದಲು ಮನಸೋತದ್ದು ಆ ಧ್ವನಿಗೆ.

ಮದುವೆಯಾದ ಹೊಸದರಲ್ಲಿ ಈ ಕಥೆಯನ್ನು ಬಹಳ ರಸವತ್ತಾಗಿ ಸಾವಿತ್ರಿಗೆ ಹೇಳಿದೆ. ಅವಳು ಸೊಪ್ಪು ಸೋಸುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು:

“ಅದು ಹಾಡಿದ್ದು ನಾನೇ ಕಣ್ರೀ.”

ಮಳವಳ್ಳಿಯಲ್ಲಿ ಐದನೇ ಕ್ಲಾಸಿನಲ್ಲಿದ್ದಾಗ ಅಲ್ಲಿನ ಗೊಬ್ಬರದ ಅಂಗಡಿಯವರು ಇಸ್ಕೂಲಿನಿಂದ ಐದು ಹುಡುಗಿಯರನ್ನು ವ್ಯಾನಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರಂತೆ. ದಾರಿಯುದ್ದಕ್ಕೂ ಇವಳಿಗೆ ವಾಂತಿಯಂತೆ. ಹಾಡಿದರೆ ನಿಜವಾಗಿಯೂ ಲಂಗ ಕೊಡಿಸುತ್ತೇನೆ ಎಂದಿದ್ದರಂತೆ.

ನಾನು ಗಹಗಹಿಸಿ ನಕ್ಕೆ. ನಕ್ಕು ಸುಮ್ಮನಾಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಸದರಿ ಹೇಳಿಕೆಯನ್ನು ತಿರಸ್ಕರಿಸಲು ಕಾರಣಗಳನ್ನೂ ಕೊಟ್ಟೆ. ಆ ಧ್ವನಿ ಸಂಗೀತ ಕಲಿತ ಧ್ವನಿ, ಬಹುಶಃ ಮದ್ರಾಸಿನ ಸ್ಟುಡಿಯೊದ್ದು. ಅಲ್ಲದೆ ಮಳವಳ್ಳಿಯಿಂದ ಬೆಂಗಳೂರಿನವರೆಗೆ ವಾಂತಿ ಮಾಡಿಕೊಂಡು ಹೋದವಳ ಗಂಟಲಿನಿಂದ ಅಂಥ ‘ತಾರಪ್ಪಾ’ ಹೊರಡುವುದು ವೈಜ್ಞಾನಿಕವಾಗಿ ಅಸಾಧ್ಯ.

ಸಾವಿತ್ರಿ ಜಗಳವಾಡಲಿಲ್ಲ. “ಸರಿ ಬುಡಿ. ನೀವೇ ಯಾವತ್ತಾರ ಆ ಪ್ಲೇಟು ತಂದು ಎಲ್ಲಾರ್ಗೂ ಕೇಳ್ಸಿ. ಅಲ್ಲೀಗಂಟ ನಾನೂ ಅದ್ನ ಹಾಡಲ್ಲ” ಎಂದಳು. ಮೂವತ್ತನಾಲ್ಕು ವರ್ಷ ಹಾಡಲೂ ಇಲ್ಲ. ಮಕ್ಕಳನ್ನು ತೂಗುವಾಗ ಹಾಡಿದಳು, ಆರತಿಗೆ ಹಾಡಿದಳು, ಆ ಒಂದು ಸಾಲನ್ನು ಮಾತ್ರ ಬಾಯಿಗೆ ತರಲಿಲ್ಲ. ಸಾಕ್ಷಿ ಇಲ್ಲದ್ದರಿಂದ ಹಾಡುತ್ತಿಲ್ಲ ಎಂದು ನಾನು ತೀರ್ಮಾನಿಸಿದ್ದೆ.

ಈ ವರ್ಷ ಮಂಡ್ಯದ ಗೆಳೆಯರು ಹಳೆಯ ರೇಡಿಯೊ ನೆನಪುಗಳ ಬಗ್ಗೆ ಒಂದು ಸಭೆ ಏರ್ಪಡಿಸಿದರು. ಭಾಷಣ ನನ್ನದು, ಶಾಲೂ ನನಗೇ. ಅದೇ ಹೊತ್ತಿಗೆ ಇನ್ನೊಂದು ಸುದ್ದಿ ಸಿಕ್ಕಿತು. ಮಳವಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಸಿದ್ದೇಗೌಡರು ಈಗ ಆತಗೂರಿನಲ್ಲಿ ತಮ್ಮ ತೋಟದ ಮನೆಯಲ್ಲಿದ್ದಾರೆ, ಅವರ ಟ್ರಂಕಿನಲ್ಲಿ ಆ ಪ್ಲೇಟು ಇದೆ! ಸಭೆಯ ಹಿಂದಿನ ದಿನವೇ ಆತಗೂರಿಗೆ ಓಡಿದೆ.

ಗೌಡರಿಗೆ ಎಂಬತ್ತು ದಾಟಿದೆ. ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಪ್ಲೇಟನ್ನು ತೆಗೆದು ಕೈಗಿಟ್ಟರು. ಏನು ಕೊಡಬೇಕು ಎಂದು ಕೇಳಿದೆ.

“ಮಾರಾಟಕ್ಕಲ್ಲ ಅಂತ ಬರ್ದದಲ್ಲ ಮೇಷ್ಟ್ರೇ. ಸುಮ್ಕೆ ತಗಂಡೋಗಿ” ಎಂದರು. ಓದಲು ಬರುವ ಮನುಷ್ಯ. ಆಮೇಲೆ ಕಾಫಿ ತರಿಸಿ ಮಾತು ಶುರು ಮಾಡಿದರು. “ಈ ಹಾಡ್ಗೆ ಹೆಣ್ಮಕ್ಕಳ್ನ ಬೆಂಗ್ಳೂರ್ಗೆ ಕರ್ಕಂಡೋಗಿದ್ದು ನಾನೇಯಾ. ಅದ್ರಲ್ಲಿ ಒಂದು ಹೆಣ್ಮಗ...”

“ಅದು ಬೇರೆ ಯಾವುದೋ ಹಾಡಿರಬೇಕು ಗೌಡರೇ” ಎಂದು ತಡೆದೆ. ವಿಷಯತಜ್ಞನ ಮುಂದೆ ತಪ್ಪು ಮಾಹಿತಿ ಹರಿಯಬಾರದಲ್ಲ. ಮದ್ರಾಸಿನ ಸ್ಟುಡಿಯೊಗಳು, ಅಲ್ಲಿನ ಬಾಲ ಗಾಯಕಿಯರು, ಧ್ವನಿ ಪರೀಕ್ಷೆ, ಎಲ್ಲವನ್ನೂ ಕಾಫಿ ಆರುವವರೆಗೂ ವಿವರಿಸಿದೆ.

“ಓದಿರೋರು ನೀವು. ಇದ್ರೂ ಇರ್ಬೋದು ಬುಡಿ” ಎಂದು ಗೌಡರು ಬಾಯಿ ಮುಚ್ಚಿಕೊಂಡರು. ಅವರನ್ನೂ ಸಭೆಗೆ ಕರೆದೆ. ಕಲಿಯಲು ವಯಸ್ಸಿನ ಮಿತಿ ಇಲ್ಲ.

ಮದ್ದೂರಿನ ಬಸ್ಸು ತುಂಬಿತ್ತು. ಪ್ಲೇಟನ್ನು ಎದೆಗವಚಿಕೊಂಡು ಮುಂಬಾಗಿಲ ಬಳಿ ನಿಂತಿದ್ದೆ.

“ಅದ್ಯಾಕ್ ಮೇಷ್ಟ್ರೇ ದೇವ್ರ ಪಟ ಹಿಡ್ದಂಗೆ ಹಿಡ್ಕಂಡಿದ್ದೀರಿ? ಬಾನೆಟ್ ಮ್ಯಾಲ್ ಮಡಗಿ, ಯಾರೂ ಮುಟ್ಟಲ್ಲ” ಎಂದ ಡ್ರೈವರು.

ಒಳ್ಳೆಯ ಸಲಹೆ. ಇಂಜಿನ್ನಿನ ಮುಚ್ಚಳದ ಮೇಲೆ ಆಗಲೇ ಒಂದು ಸೊಪ್ಪಿನ ಬುಟ್ಟಿ, ಕಾಲು ಸಡಿಲವಾಗಿ ಕಟ್ಟಿದ್ದ ಒಂದು ಕೋಳಿ ಇದ್ದವು. ಪಕ್ಕದಲ್ಲಿ ಪ್ಲೇಟನ್ನು ಮಟ್ಟಸವಾಗಿ ಇಟ್ಟೆ. ಕೋಳಿ ಒಂದು ಕಾಲು ಎತ್ತುವುದು, ಇಳಿಸುವುದು, ಇನ್ನೊಂದು ಎತ್ತುವುದು ಮಾಡುತ್ತಿತ್ತು. ಇದಕ್ಕೆ ಊರು ಸೇರುವ ಆತುರ ಎಂದುಕೊಂಡೆ. ಆ ಕೋಳಿಗಿದ್ದ ತಿಳಿವಳಿಕೆ ನನಗಿದ್ದಿದ್ದರೆ ನಾನು ಹೆಡ್‌ಮಾಸ್ಟರಾಗಿ ನಿವೃತ್ತನಾಗುತ್ತಿದ್ದೆ.

ಮನೆಯಲ್ಲಿ ಪ್ಲೇಟಿಗೆ ಸುತ್ತಿದ್ದ ಪಂಚೆ ಬಿಚ್ಚಿದೆ. ಸಾವಿತ್ರಿ ಬಗ್ಗಿ ನೋಡಿದಳು.

“ಎಣ್ಣೇಲಿ ಬುಟ್ ಹಪ್ಪಳ ಇದ್ದಂಗದಲ್ರೀ.”

“ಇದೇ ಆ ಪ್ಲೇಟು” ಎಂದೆ.

ಅವಳು ನಗುವುದನ್ನು ನಿಲ್ಲಿಸಿದಳು. ಇಂಜಿನ್ನಿನ ಬಿಸಿಗೆ ಸೊಟ್ಟಗಾದ ಅಂಚನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದಳು. ಒಳಗೆ ಹೋದಳು.

ಬೆಳಿಗ್ಗೆ ಮೊಬೈಲಿನಲ್ಲಿ ಪರಿಹಾರ ಸಿಕ್ಕಿತು. ಎರಡು ಗಾಜಿನ ಹಾಳೆಗಳ ನಡುವೆ ಪ್ಲೇಟನ್ನಿಟ್ಟು, ಹದವಾದ ಬಿಸಿ ಕೊಟ್ಟು, ಮೇಲೆ ಭಾರ ಹೇರಬೇಕಂತೆ. ಗಾಜಿಗೇನು ಕೊರತೆ? ಗೋಡೆಯ ಮೇಲಿನ ನನ್ನ ಬೀಳ್ಕೊಡುಗೆ ಫೋಟೊದಿಂದ ಒಂದು, ನಮ್ಮ ಮದುವೆಯ ಫೋಟೊದಿಂದ ಒಂದು ಬಿಚ್ಚಿಕೊಂಡೆ. ಬಿಸಿಯೂ ಭಾರವೂ ಒಟ್ಟಿಗೆ ಇರುವ ವಸ್ತು ಯಾವುದು ಎಂದು ಯೋಚಿಸುತ್ತಿರುವಾಗ ಒಲೆಯ ಮೇಲೆ ಮುದ್ದೆಗೆ ಇಟ್ಟ ಪಾತ್ರೆ ಕಂಡಿತು. ಹಿಟ್ಟು ಬೆಂದಿತ್ತು. ಸಾವಿತ್ರಿ ಸೊಪ್ಪಿನವಳನ್ನು ಕೂಗಿ ಬಾಗಿಲಿಗೆ ಹೋಗಿದ್ದಳು. ಅಡುಗೆಮನೆಯ ನೆಲದ ಮೇಲೆ ಗಾಜು, ಪ್ಲೇಟು, ಗಾಜು, ಅದರ ಮೇಲೆ ದಪ್ಪ ಬಟ್ಟೆ, ಬಟ್ಟೆಯ ಮೇಲೆ ಪಾತ್ರೆ. ಶಾಸ್ತ್ರೋಕ್ತವಾಗಿ ಎಲ್ಲ ಮುಗಿಸಿ, ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಲು ಪೆನ್ನು ಹುಡುಕುತ್ತ ಹೊರಗೆ ಬಂದೆ.

“ಪಾತ್ರೆ ನೀವೇ ಕೆಳಕ್ಕೆ ಇಳ್ಸಿದ್ರಾ? ಇವತ್ತು ಸೂರ್ಯ ಯಾವ್ ಕಡೆ ಹುಟ್ಟವ್ನೆ?” ಎಂಬ ಮೆಚ್ಚುಗೆ ಒಳಗಿನಿಂದ ಕೇಳಿಸಿತು.

ಮಂಡ್ಯದ ಹೆಂಗಸು ಮುದ್ದೆ ತಿರುವುವುದನ್ನು ನೋಡಿದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಗಂಟು ಉಳಿಯಬಾರದೆಂದು ಮೈಯ ಬಲವನ್ನೆಲ್ಲ ಕೋಲಿನ ಮೇಲೆ ಬಿಟ್ಟು ತಿರುವುತ್ತಾರೆ. ನಾನು “ಬೇಡ, ಬೇಡ” ಎನ್ನುತ್ತ ಓಡಿದೆ. ಚಟ್ ಎಂದಿತು.

“ಮದ್ವೆ ಫೋಟೋದ್ ಗಾಜೇ ಬೇಕಾಗಿತ್ತಾ ನಿಮ್ಗೆ?” ಎಂದಳು ಸಾವಿತ್ರಿ, ಚೂರುಗಳನ್ನು ಆರಿಸುತ್ತ.

ಆದರೆ ಪ್ಲೇಟು ಪವಾಡದಂತೆ ನೇರವಾಗಿತ್ತು. ಒಳಸುತ್ತಿನಲ್ಲಿ ಗಾಜಿನ ಚೂರು ಒತ್ತಿದ ಉಗುರಿನಷ್ಟು ಗುರುತೊಂದು ಬಿಟ್ಟರೆ ಹೊಸದರಂತಿತ್ತು. ಆ ದಿನದ ಮುದ್ದೆಯೂ ಚೆನ್ನಾಗಿತ್ತು.

“ಒಂದ್ಸಲ ಇಲ್ಲೇ ಹಾಕ್ ನೋಡಿ, ಓಡ್ತದಾ ಅಂತ” ಎಂದಳು. ಕೇಳಬೇಕೆಂಬ ಆಸೆ ಅವಳ ಮುಖದಲ್ಲಿ ಕಾಣುತ್ತಿತ್ತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ನಾನು ಅಂದದ್ದು ಇಷ್ಟು: “ಸೂಜಿ ತಾಗಿದರೆ ಬೆಲೆ ಕಡಿಮೆಯಾಗುತ್ತದೆ.”

ಸಂಜೆ ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಸಿದ್ದೇಗೌಡರು, ಎರಡನೆಯ ಸಾಲಿನಲ್ಲಿ ಸಾವಿತ್ರಿ. ಟೀ ಹೋಟೆಲಿನ ರೇಡಿಯೊದಿಂದ ಶುರು ಮಾಡಿ ಮದ್ರಾಸಿನವರೆಗೆ ಭಾಷಣ ಎಳೆದೆ. ಕೊನೆಗೆ ಪ್ಲೇಟನ್ನು ಎತ್ತಿ ತೋರಿಸಿ, “ಈ ಧ್ವನಿ ತಮ್ಮದೇ ಎಂದು ವಾದಿಸುವವರೊಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ಸಂಶೋಧಕನಾದವನು ಹೆಂಡತಿಯ ಮಾತನ್ನೂ ಸಾಕ್ಷಿ ಇಲ್ಲದೆ ಒಪ್ಪಬಾರದು” ಎಂದೆ. ಜನ ಚಪ್ಪಾಳೆ ತಟ್ಟಿ ನಕ್ಕರು. ಸಾವಿತ್ರಿ ಸೆರಗು ಸರಿಮಾಡಿಕೊಂಡಳು.

ಸೂಜಿ ಇಳಿಸಿದೆ. ಚರಚರ ಸದ್ದು, ಆಮೇಲೆ ಐದು ಹುಡುಗಿಯರು. ಅಪ್ಪಾ ಅಪ್ಪಾ, ಗೊಬ್ಬರ ಹಾಕಪ್ಪಾ. ಸಭೆಯಲ್ಲಿದ್ದ ಹಳಬರು ತಲೆದೂಗಿದರು. ನನ್ನ ಕಣ್ಣು ಮಂಜಾಯಿತು. ಈಗ ಬರಬೇಕು, ಈಗ ಬರಬೇಕು.

“ಸುಗ್ಗಿಗೆ ನಂಗೂ... ನಂಗೂ... ನಂಗೂ... ನಂಗೂ...”

ಸೂಜಿ ಎತ್ತಿ ಮತ್ತೆ ಇಟ್ಟೆ. “ನಂಗೂ... ನಂಗೂ... ನಂಗೂ...” ಮೂರನೆಯ ಸಲವೂ ಅದೇ. ಗಾಜಿನ ಚೂರು ಸರಿಯಾದ ಜಾಗವನ್ನೇ ಆರಿಸಿಕೊಂಡಿತ್ತು.

“ಆ ಮಗೀಗೆ ಅದೇನ್ ಬೇಕೋ ಕೊಟ್ಬುಡಿ ಮೇಷ್ಟ್ರೇ” ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಬೆವರುತ್ತ ಯಂತ್ರದ ವೈರು ಅಲ್ಲಾಡಿಸಿದೆ, ವೈರಿನದೇ ತಪ್ಪು ಎನ್ನುವವನಂತೆ.

ಆಗ ಎರಡನೆಯ ಸಾಲಿನಿಂದ, ಕೂತಲ್ಲಿಂದಲೇ, ಸಾವಿತ್ರಿ ಹಾಡಿದಳು.

“ಸುಗ್ಗಿಗೆ ನಂಗೂ ಒಂದು ರೇಷ್ಮೆ ಲಂಗ ತಾರಪ್ಪಾ.”

ದನಿ ದಪ್ಪಗಾಗಿತ್ತು, ನಡುವೆ ಒಂದಿಷ್ಟು ಒಡೆಯಿತು. ಆದರೆ ‘ತಾರಪ್ಪಾ’ ಮೇಲಕ್ಕೆ ಹೋಗಿ, ಇಳಿಯದೆ, ಅಲ್ಲೇ ನಿಂತಿತು. ನಾನು ಟೀ ಲೋಟ ಹಿಡಿದ ಹುಡುಗನಾಗಿ ವೇದಿಕೆಯ ಮೇಲೆ ಬಾಯಿ ತೆರೆದುಕೊಂಡು ನಿಂತೆ. ಈ ಧ್ವನಿಯನ್ನು ಹುಡುಕುತ್ತ ಜಿಲ್ಲೆಯ ಗುಜರಿ ಅಂಗಡಿಗಳನ್ನೆಲ್ಲ ಅಲೆದಿದ್ದೆ. ಅದು ಮೂವತ್ತನಾಲ್ಕು ವರ್ಷದಿಂದ ನನ್ನನ್ನು ಊಟಕ್ಕೆ ಬನ್ನಿ ಎಂದು ಕರೆಯುತ್ತಿತ್ತು.

ಸಿದ್ದೇಗೌಡರು ಕೋಲೂರಿ ಎದ್ದು ಹಿಂದಕ್ಕೆ ತಿರುಗಿದರು. “ಅಯ್ಯೋ, ಇದು ವಾಂತಿ ಮಗ ಕಣ್ರಪ್ಪ! ಮದ್ದೂರು ಮುಟ್ಟೋದ್ರೊಳ್ಗೆ ಮೂರ್ ಸಲ ವ್ಯಾನ್ ನಿಲ್ಸಿದ್ದೆ. ನಿನ್ನೆ ಹೇಳಕ್ಕೋದ್ರೆ ಮೇಷ್ಟ್ರು ಬುಡ್ನೇ ಇಲ್ಲ.” ಆಮೇಲೆ ದನಿ ತಗ್ಗಿಸಿ, “ಲಂಗ ಕೊಡುಸ್ತೀನಿ ಅಂದಿದ್ನಲ್ವೇನಮ್ಮ?” ಎಂದರು.

“ಬಿಸ್ಕತ್ ಪೊಟ್ಣ ಕೊಟ್ರಿ ಗೌಡ್ರೇ” ಎಂದಳು ಸಾವಿತ್ರಿ.

ನನಗೆಂದು ತಂದಿದ್ದ ಶಾಲನ್ನು ಗೆಳೆಯರು ಅವಳಿಗೆ ಹೊದಿಸಿದರು. ಫೋಟೊದಲ್ಲಿ ನಾನೂ ಇದ್ದೇನೆ, ಪ್ಲೇಟು ಹಿಡಿದುಕೊಂಡು, ಒಂದು ಪಕ್ಕದಲ್ಲಿ.

ಮನೆಗೆ ಬಂದು ಕಾಲು ತೊಳೆಯುವ ಮೊದಲೇ ತಪ್ಪಾಯಿತು ಎಂದೆ. ಅದು ಮನಸಾರೆ ಹೇಳಿದ ಮಾತು. ಆಮೇಲೆ, “ಇನ್ನೊಂದು ಸಲ ಹಾಡು” ಎಂದೆ.

ಸಾವಿತ್ರಿ ಶಾಲನ್ನು ಮಡಿಸುತ್ತ ಹೇಳಿದಳು: “ಬ್ಯಾಡ ಕಣ್ರೀ. ಸುಮ್ಸುಮ್ನೆ ಹಾಡ್ತಾ ಇದ್ರೆ ಬೆಲೆ ಕಮ್ಮಿ ಆಯ್ತದೆ. ನೀವೇ ಹೇಳಿದ್ದಲ್ವಾ?”

ಅಂದಿನಿಂದ ಈ ನಿಯಮ ನಮ್ಮ ಮನೆಯಲ್ಲಿ ಕಟ್ಟುನಿಟ್ಟಾಗಿ ಜಾರಿಯಲ್ಲಿದೆ. ಅಡುಗೆಮನೆಯಲ್ಲಿ ಒಬ್ಬಳೇ ಇರುವಾಗ ಗುನುಗುತ್ತಾಳೆ, ನಾನು ಬಾಗಿಲಿಗೆ ಬಂದರೆ ನಿಲ್ಲಿಸುತ್ತಾಳೆ. ಸಂಧಾನಕ್ಕೆ ಉಳಿದಿದ್ದುದು ಒಂದೇ ದಾರಿ. ಮೊನ್ನೆ ಮಂಡ್ಯದ ಬಟ್ಟೆ ಅಂಗಡಿಗೆ ಹೋಗಿ, ಒಂದು ರೇಷ್ಮೆ ಲಂಗ ತೋರಿಸಿ ಎಂದೆ.

“ಮಗೀಗೆ ಎಷ್ಟು ವರ್ಷ ಸಾರ್?” ಎಂದು ಕೇಳಿದ ಅಂಗಡಿಯವನು.

ಬರುವ ಸುಗ್ಗಿಗೆ ಅರವತ್ತು ತುಂಬುತ್ತದೆ ಎಂದೆ.