ನಾಟಿ ನಾಯಿಗೊಂದು ಮಡಚುವ ಬೋನು

ಟಾಮಿಸುಖ್ ಪ್ರಾಣಿ ಗೃಹೋಪಕರಣ ಕಂಪನಿಯ ವ್ಯವಸ್ಥಾಪಕರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಬೆಂಗಳೂರಿನ ಉಲ್ಲಾಳದ ಎರಡನೇ ಮಹಡಿಯ ಬಾಡಿಗೆ ಮನೆಯಿಂದ ವೆಂಕಟಗಿರಿ ಮಾಡುವ ಸಾಷ್ಟಾಂಗ ವಂದನೆಗಳು. ತಮ್ಮ ಕಂಪನಿ, ಅದರ ಗೋದಾಮು, ಅದರ ಕಸ್ಟಮರ್ ಕೇರ್ ನಂಬರಿನಲ್ಲಿ ಹಗಲಿಡೀ ನುಡಿಯುವ ಆ ಕೊಳಲಿನ ಸಂಗೀತ, ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾನು, ನನ್ನ ಹೆಂಡತಿ ಜಲಜಾ, ಮಗಳು ಅಪೂರ್ವ ಮತ್ತು ನಮ್ಮ ನಾಯಿ ರವೆ ಕ್ಷೇಮವಾಗಿದ್ದೇವೆ. ಮನೆ ಮಾಲೀಕರಾದ ಕೆಂಚಪ್ಪನವರೂ ಎಡ ಮೊಣಕಾಲೊಂದನ್ನು ಬಿಟ್ಟರೆ ಕ್ಷೇಮವೇ. ಆ ಮೊಣಕಾಲಿಗೂ ತಮಗೂ ಇರುವ ಸಂಬಂಧವನ್ನು ವಿನಯಪೂರ್ವಕವಾಗಿ ತಿಳಿಸುವುದು ಈ ಬಹಿರಂಗ ಪತ್ರದ ಉದ್ದೇಶ.

ನಾನು ಸಹಕಾರ ಸಂಘವೊಂದರ ಪತ್ರವ್ಯವಹಾರ ವಿಭಾಗದಲ್ಲಿ ಕೆಲಸ ಮಾಡುವವನು. ಸಿಟ್ಟನ್ನು ನುಂಗಿ ‘ಮಾನ್ಯರೇ’ ಎಂದು ಬರೆಯುವುದಕ್ಕೇ ನನಗೆ ಸಂಬಳ. ಆದ್ದರಿಂದ ಈ ಪತ್ರದಲ್ಲಿ ಎಲ್ಲಾದರೂ ಹೊಗಳಿಕೆ ಅತಿಯಾಯಿತೆಂದು ತೋರಿದರೆ, ಅಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು ಎಂದು ದಯವಿಟ್ಟು ಓದಿಕೊಳ್ಳತಕ್ಕದ್ದು.

ರವೆಯ ಪರಿಚಯ ತಮಗಿಲ್ಲ. ಜ್ಞಾನಭಾರತಿಯ ಬಸ್ ಸ್ಟಾಪಿನಲ್ಲಿ ನಡುಗುತ್ತ ಕುಳಿತಿದ್ದ ಮರಿಯನ್ನು ಅಪೂರ್ವ ಕಾಲೇಜು ಬ್ಯಾಗಿನಲ್ಲಿಟ್ಟು ಮನೆಗೆ ತಂದಳು. ಹದವಾಗಿ ಹುರಿದ ಉಪ್ಪಿಟ್ಟಿನ ರವೆಯ ಬಣ್ಣವಿತ್ತಾದ್ದರಿಂದ ಜಲಜಾ ಆ ಹೆಸರಿಟ್ಟಳು. ಈಗ ದೊಡ್ಡವಳಾಗಿದ್ದಾಳೆ. ಯಾರು ಬಂದರೂ ಒಮ್ಮೆ ಗದರಿಸಿ, ಅವರು ಕುರ್ಚಿಯಲ್ಲಿ ಕುಳಿತ ಮೇಲೆ ಅವರ ಪಾದದ ಮೇಲೆಯೇ ಮಲಗುವುದು ಅವಳ ಪದ್ಧತಿ. ಆದರೆ ಆ ಒಂದು ಗದರಿಕೆ ಕೆಂಚಪ್ಪನವರಿಗೆ ಹಿಡಿಸಲಿಲ್ಲ. ಅವರು ಉಲ್ಲಾಳದ ಹಳೆಯ ಒಕ್ಕಲುತನದ ಮನೆಯವರು, ಕೆಳಗಿನ ಮನೆಯಲ್ಲೇ ಇರುತ್ತಾರೆ, ಟಿವಿಯಲ್ಲಿ ನಾಯಿ ಕಚ್ಚಿದ ಸುದ್ದಿಯನ್ನು ತಪ್ಪದೆ ನೋಡುತ್ತಾರೆ. ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, “ನೋಡಿ ಗಿರಿಯೋರೆ, ನಾಯೀನ ಒಂದು ಬೋನ್‌ಗೆ ಹಾಕಿ ಮಡೀಕೊಳಿ. ಇಲ್ಲಾಂದ್ರೆ ನಾಯಿನೋ ಮನೇನೋ, ಒಂದು ತೀರ್ಮಾನ ಮಾಡ್ಬುಡಿ” ಎಂದರು. ಅಂದು ರಾತ್ರಿ ಅಪೂರ್ವ ಊಟ ಬಿಟ್ಟಳು. ನಾನೂ ತಟ್ಟೆಯನ್ನು ಹಾಗೆಯೇ ಮುಚ್ಚಿಟ್ಟೆ. ರವೆಯನ್ನು ಮತ್ತೆ ಆ ಬಸ್ ಸ್ಟಾಪಿಗೆ ಬಿಟ್ಟು ಬರುವುದು ನಮ್ಮಿಂದಾಗುವ ಕೆಲಸವಾಗಿರಲಿಲ್ಲ.

ಹೀಗೆ ಮಡಚುವ ಕಬ್ಬಿಣದ ಬೋನಿನ ಶೋಧ ಆರಂಭವಾಯಿತು, ಮಾನ್ಯರೇ. ತಾವು ಅದನ್ನು ‘ಕ್ರೇಟ್’ ಎನ್ನುತ್ತೀರಿ. ನಮ್ಮ ಕಡೆ ಕ್ರೇಟ್ ಎಂದರೆ ಟೊಮೆಟೊ ತುಂಬುವುದು. ವಿಜಯನಗರದ ಅಂಗಡಿಯೊಂದರಲ್ಲಿ ನಾಯಿಗೆ ಕ್ರೇಟ್ ಕೊಡಿ ಎಂದು ಕೇಳಿದಾಗ ಆತ ಹಳದಿ ಪ್ಲಾಸ್ಟಿಕ್ಕಿನದೊಂದನ್ನು ಬೋರಲು ಹಾಕಿ, “ಮೇಲೊಂದು ಕಲ್ಲಿಡಿ ಸಾರ್, ಎಲ್ಲೂ ಹೋಗಲ್ಲ” ಎಂದು ಅಭಯ ಕೊಟ್ಟ. ರಾಜಾಜಿನಗರದ ದೊಡ್ಡ ಅಂಗಡಿಯವರು ಮೊದಲು ನಾಯಿಯ ಫೋಟೋ ಕೇಳಿದರು, ನೋಡಿದರು, ಆಮೇಲೆ ನನ್ನನ್ನು ನೋಡಿದರು, ಬೋನು ತೋರಿಸಲೇ ಇಲ್ಲ. ಕೊನೆಗೆ ಅಪೂರ್ವಳ ಫೋನಿನಲ್ಲಿ ತಮ್ಮ ಅಂಗಡಿ ಕಣ್ಣಿಗೆ ಬಿತ್ತು. ಒಂದು ಬಾಗಿಲಿನದು, ಎರಡು ಬಾಗಿಲಿನದು, ಕೆಳಗೆ ಎಳೆಯುವ ತಟ್ಟೆಯುಳ್ಳದ್ದು, ತುಕ್ಕು ಹಿಡಿಯದ್ದು, ಕ್ಷಣದಲ್ಲಿ ಮಡಚಿ ಮಂಚದಡಿ ತಳ್ಳಬಹುದಾದದ್ದು! ಅದರ ಕೆಳಗೆ ‘ಇದು ಬೋನಲ್ಲ, ನಿಮ್ಮ ಮುದ್ದಿನ ಸ್ವಂತ ಬೆಡ್‌ರೂಮ್’ ಎಂಬ ತಮ್ಮ ಅಮೃತವಾಕ್ಯ. ಈ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನಗೇ ಇನ್ನೂ ಸ್ವಂತ ಬೆಡ್‌ರೂಮಿಲ್ಲ. ನಾಯಿಗಾದರೂ ಆಗಲಿ ಎಂದು ಮನಸ್ಸು ತುಂಬಿ ಬಂತು.

ಅಳತೆ ತೆಗೆಯಲು ತಾವು ಹೇಳಿದ ಕ್ರಮ ಅತ್ಯಂತ ವೈಜ್ಞಾನಿಕವಾದದ್ದು. ಮೂಗಿನಿಂದ ಬಾಲದ ಬುಡದವರೆಗೆ, ನೆಲದಿಂದ ಕಿವಿಯ ತುದಿಯವರೆಗೆ, ನಾಯಿ ನೇರವಾಗಿ ನಿಂತಿರುವಾಗ ಅಳೆಯತಕ್ಕದ್ದು. ನಾಯಿ ನೇರವಾಗಿ ನಿಲ್ಲುವುದು ಯಾವಾಗ ಎಂಬುದನ್ನು ಮಾತ್ರ ತಾವು ಬರೆದಿರಲಿಲ್ಲ. ಜಲಜಾಳ ಟೈಲರಿಂಗ್ ಟೇಪಿನ ಒಂದು ತುದಿಯನ್ನು ನಾನು ಹಿಡಿದರೆ ಇನ್ನೊಂದು ತುದಿಯನ್ನು ರವೆ ಬಾಯಲ್ಲಿ ಹಿಡಿದು ಮನೆಯೆಲ್ಲ ಸುತ್ತಿದಳು. ಬಂದ ಅಳತೆಯ ಪ್ರಕಾರ ಅವಳು ನಮ್ಮ ಅಡುಗೆಮನೆಗಿಂತ ಉದ್ದವಿದ್ದಳು. ಅದಕ್ಕೇ ತಳಿ ನೋಡಿ ಸೈಜು ಆರಿಸುವ ತಮ್ಮ ತಖ್ತೆಗೆ ಶರಣಾದೆವು. ಜರ್ಮನಿಯ ನಾಯಿ ಇತ್ತು, ಸ್ವಿಟ್ಜರ್ಲೆಂಡಿನದಿತ್ತು, ಟಿಬೆಟ್ಟಿನದಿತ್ತು, ಕೈಚೀಲದಲ್ಲಿ ಹಿಡಿಸುವ ಮೆಕ್ಸಿಕೋದ್ದೂ ಇತ್ತು. ತಮ್ಮ ಗೋದಾಮಿನ ಗೇಟಿನಲ್ಲೇ ಮಲಗಿರುವ ನಾಯಿಯ ತಳಿಯೊಂದು ಇರಲಿಲ್ಲ. ನಮ್ಮ ಸಂಘದ ಹಳೆಯ ಅರ್ಜಿಗಳಲ್ಲೂ ಕೊನೆಗೊಂದು ‘ಇತರೆ’ ಇರುತ್ತದೆ. ತಮ್ಮಲ್ಲಿ ಅದೂ ಇಲ್ಲದಿರುವುದು ತಮ್ಮ ಅಚ್ಚುಕಟ್ಟುತನಕ್ಕೆ ಸಾಕ್ಷಿ.

ಮಾನ್ಯರೇ, ಈ ಊರಿನ ಮಹಿಮೆ ನೋಡಿ. ನಾಟಿ ಕೋಳಿ ಎಂದರೆ ಜನ ಕೆಂಗೇರಿಯಾಚೆಗೆ ಕಾರು ಬಿಟ್ಟುಕೊಂಡು ಹೋಗುತ್ತಾರೆ. ನಾಟಿ ಟೊಮೆಟೊ, ನಾಟಿ ಕೊತ್ತಂಬರಿ, ನಾಟಿ ಹಸುವಿನ ತುಪ್ಪ ಎಂದರೆ ಕೇಳಿದಷ್ಟು ಕೊಟ್ಟು ಕಣ್ಣಿಗೊತ್ತಿಕೊಳ್ಳುತ್ತಾರೆ. ನಾಟಿ ನಾಯಿ ಎಂದರೆ ಮಾತ್ರ ಕಲ್ಲು ಹುಡುಕುತ್ತಾರೆ. ತಿನ್ನಲು ಬಾರದ ನಾಟಿ ಯಾರಿಗೂ ಬೇಡವೆಂದು ಕಾಣುತ್ತದೆ.

ತಖ್ತೆಯಲ್ಲಿ ಸಿಗದ್ದನ್ನು ಬಾಯಿಬಿಟ್ಟೇ ಕೇಳೋಣವೆಂದು ಕಸ್ಟಮರ್ ಕೇರಿಗೆ ಫೋನು ಮಾಡಿದೆ. ಕೊಳಲು ಮುಗಿದ ಮೇಲೆ ರಾಗಿಣಿ ಎಂಬ ಹುಡುಗಿ ಬಂದಳು. ಕನ್ನಡದಲ್ಲಿ ಮಾತಾಡಿದಳೆಂಬ ಸಂತೋಷಕ್ಕೆ ನಾನು ಮೈಮರೆತದ್ದೇ ತಪ್ಪಾಯಿತೇನೋ. ಬ್ರೀಡ್ ಯಾವುದೆಂದು ಕೇಳಿದಳು, ನಾಟಿ ಎಂದೆ. “ತುಂಬಾ ನಾಟಿನಾ ಸಾರ್?” ಎಂದಳು. ಅಪ್ಪಟ ನಾಟಿ ಎಂದೆ. “ಯಾವಾಗಿಂದ ಸಾರ್?” ಎಂದಳು. ಇದೆಂಥ ಪ್ರಶ್ನೆ ಎನಿಸಿದರೂ, ಹುಟ್ಟಿದಾಗಿನಿಂದ, ಅದರ ಅಪ್ಪ ಅಮ್ಮನೂ ನಾಟಿಯೇ, ಇಡೀ ಜ್ಞಾನಭಾರತಿಯಲ್ಲಿರುವುದೆಲ್ಲ ಅವೇ ಎಂದು ವಿವರಿಸಿದೆ. “ಅಯ್ಯೋ ಪಾಪ, ಹೇಗ್ ಮ್ಯಾನೇಜ್ ಮಾಡ್ತೀರಾ ಸಾರ್?” ಎಂದು ಮರುಗಿದಳು. ನಮಗೆ ನಾಟಿಯೇ ಇಷ್ಟಮ್ಮ, ಅದಕ್ಕೆ ತಕ್ಕ ಬೋನನ್ನು ನೀನೇ ಆರಿಸಿ ಕಳಿಸು ಎಂದು ಹೆಮ್ಮೆಯಿಂದ ಹೇಳಿ ಫೋನಿಟ್ಟೆ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಎಂಬ ಗಾದೆಯಲ್ಲಿ ಬಾಲ ಏನು ಕೇಳಿಸಿಕೊಂಡಿತು ಎಂಬ ವಿಷಯವಿಲ್ಲ. ಇಂಗ್ಲಿಷ್ ಮೀಡಿಯಮ್ಮಿನ ಆ ಮಗುವಿಗೆ ನಾಟಿ ಎಂದರೆ ತುಂಟ ಎಂಬ ಒಂದೇ ಅರ್ಥ ಗೊತ್ತಿತ್ತೆಂದು ನಮಗೆ ತಿಳಿದದ್ದು ಪಾರ್ಸೆಲ್ ಬಂದ ಮೇಲೆ.

ಪಾರ್ಸೆಲ್ ಎಂದರೆ ಪಾರ್ಸೆಲ್ಲೇ! ಗ್ರೇಟ್ ಡೇನ್ ಮಲಗಬಹುದಾದ ಸೈಜು, ಬೆರಳು ದಪ್ಪದ ಸರಳು, ತಾನಾಗಿಯೇ ಬೀಳುವ ಎರಡು ಚಿಲಕ. ಪೆಟ್ಟಿಗೆಯ ಮೇಲೆ ಹಲ್ಲು ಕಿರಿದ ನಾಯಿಯ ಮುಖ, ಅದರ ಕೆಳಗೆ ಕೆಂಪಕ್ಷರದಲ್ಲಿ ಇಂಗ್ಲಿಷ್ ಬರಹ. ಕೊರಿಯರ್‌ನವನು ಮೆಟ್ಟಿಲು ಹತ್ತಲಾರದೆ ಅದನ್ನು ಕೆಂಚಪ್ಪನವರ ಬಾಗಿಲಲ್ಲೇ ಇಳಿಸಿದ. ಅವರ ಸೊಸೆ ಬಿಂದುಶ್ರೀ ಆ ಬರಹವನ್ನು ಕನ್ನಡಕ್ಕೆ ತಿರುಗಿಸಿ ಓದಿದಳು: ‘ಎಚ್ಚರಿಕೆ! ಹತೋಟಿಗೆ ಸಿಗದ, ಮೈಮೇಲೆ ಬೀಳುವ ನಾಯಿಗಳಿಗೆ ಮಾತ್ರ.’ ನಾಯಿಯನ್ನು ಮನೆಯಲ್ಲಿ ಉಳಿಸಿಕೊಳ್ಳಲೆಂದು ತರಿಸಿದ ಬೋನೇ ಅದರ ಮೇಲೆ ಚಾಡಿ ಹೇಳಿತು. ಕೆಂಚಪ್ಪನವರು ಕೆಳಗಿನಿಂದಲೇ ಕೂಗಿ, “ಭಾನುವಾರ ಬಂದು ನೋಡ್ತೀನಿ. ಬೋನು ಒಂಚೂರು ಅಲ್ಲಾಡ್ತು ಅಂದ್ರೂ ಅವತ್ತೇ ನಾಯಿ ಆಚೆಗೆ” ಎಂದರು. ಅಂದಿನಿಂದ ಅಪೂರ್ವ ರವೆಯ ಪಕ್ಕದಲ್ಲೇ ನೆಲದ ಮೇಲೆ ಮಲಗಿದಳು. ನಾನೇ ಅವಳಿಗೆ ಚಾಪೆ ಹಾಸಿಕೊಟ್ಟೆ.

ಭಾನುವಾರ ಕೆಂಚಪ್ಪನವರು ಬಂದರು. ರವೆ ಪದ್ಧತಿಯಂತೆ ಒಮ್ಮೆ ಗದರಿದಳು. ಅವರು ಸರಳುಗಳನ್ನು ಹಿಡಿದು ಜಗ್ಗಿದರು, ಒದ್ದು ನೋಡಿದರು, ಬೋನು ಅಲ್ಲಾಡಲಿಲ್ಲ. ತಮ್ಮ ಕಬ್ಬಿಣಕ್ಕೆ ನನ್ನ ನಮಸ್ಕಾರ. ಆದರೆ ಅವರಿಗೆ ಸಮಾಧಾನವಾಗಲಿಲ್ಲ. “ಹೊರಗಿಂದ ಗಟ್ಟಿ ಐತೆ ಸರಿ, ನಾಯಿ ತಳ್ಳೋದು ಒಳಗಿಂದ ಅಲ್ವಾ? ತಡೀರಿ, ನಾನೇ ನೋಡ್ಬುಡ್ತೀನಿ” ಎಂದು ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ಬಾಗಿಲ ಅಂಚಿಗೆ ಎಡ ಮೊಣಕಾಲು ತರಚಿಸಿಕೊಂಡು ಒಳಗೆ ತೆವಳಿದರು. ಒಳಗೆ ಕುಕ್ಕರುಗಾಲಿನಲ್ಲಿ ತಿರುಗಿ ಕುಳಿತು, “ಹೂಂ, ಹಾಕ್ರಿ ಬಾಗ್ಲು” ಎಂದು ಅಪ್ಪಣೆ ಕೊಟ್ಟರು. ಮಾಲೀಕರ ಮಾತು ಮೀರಿ ನನಗೆ ಅಭ್ಯಾಸವಿಲ್ಲ. ಹಾಕಿದೆ. ಎರಡು ಚಿಲಕಗಳೂ ಒಟ್ಟಿಗೆ ಕಟಕ್ಕೆಂದವು. ಕೆಂಚಪ್ಪನವರು ಭುಜ ಕೊಟ್ಟು ತಳ್ಳಿದರು, ಬೆನ್ನು ಕೊಟ್ಟು ತಳ್ಳಿದರು, ತೃಪ್ತರಾಗಿ “ಭೇಷ್, ತೆಗೀರಿ” ಎಂದರು.

ತೆಗೆಯುವುದು ಹೇಗೆಂಬುದನ್ನು ಮಾತ್ರ ತಾವು ಯಾವ ಹಾಳೆಯಲ್ಲೂ ಮುದ್ರಿಸಿರಲಿಲ್ಲ. ನಾನು ಚಿಲಕ ಎತ್ತಿದೆ, ಎಳೆದೆ, ತಿರುಗಿಸಿದೆ, ಕೊಬ್ಬರಿ ಎಣ್ಣೆ ಬಿಟ್ಟೆ. ಕ್ಷಣದಲ್ಲಿ ಮಡಚಬಹುದೆಂದು ತಾವು ಬರೆದಿದ್ದ ಬೋನು ಈಗ ಮಡಚಲೂ ಒಪ್ಪಲಿಲ್ಲ. ಒಳಗಿನಿಂದ ಕೆಂಚಪ್ಪನವರ ಧ್ವನಿ ಏರುತ್ತ ಹೋಯಿತು, ನನ್ನ ಪೂರ್ವಿಕರ ಪ್ರಸ್ತಾಪ ಬಂತು. ಜಲಜಾ ತಮ್ಮ ಕಸ್ಟಮರ್ ಕೇರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಕೊಳಲು ಮುಗಿಯಿತು, ನಮ್ಮ ಪುಣ್ಯಕ್ಕೆ ಅದೇ ರಾಗಿಣಿಯೇ ಸಿಕ್ಕಳು. ಬೋನಿನ ಬಾಗಿಲು ತೆಗೆಯಲು ಬರುತ್ತಿಲ್ಲ ಎಂದಾಗ ಅವಳು ತಾವು ಕಲಿಸಿದಂತೆಯೇ ಮೊದಲ ಪ್ರಶ್ನೆ ಕೇಳಿದಳು: “ಒಳಗಿರೋದು ಯಾವ ಬ್ರೀಡ್ ಮೇಡಂ?”

ಜಲಜಾ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಗುಡುಗು ಬಂತು: “ನಾಟಿ ಕಣಮ್ಮೋ! ಅಪ್ಪಟ ನಾಟಿ! ನಮ್ಮಪ್ಪ, ನಮ್ ತಾತ ಎಲ್ಲಾ ಇದೇ ಉಲ್ಲಾಳದಾಗೆ ಹುಟ್ಟಿದ್ದು!”

ರಾಗಿಣಿ ವಿಚಲಿತಳಾಗಲಿಲ್ಲ. ಗಲಾಟೆ ಜಾಸ್ತಿ ಕೇಳಿಸುತ್ತಿದೆಯೆಂದೂ, ನಾಟಿ ಮಾಡುತ್ತಿರುವಾಗ ಬಾಗಿಲು ತೆಗೆದರೆ ಅದೇ ರೂಢಿಯಾಗುತ್ತದೆಂದೂ, ಪೂರ್ತಿ ಸುಮ್ಮನಾದ ಮೇಲೆ ಒಂದು ಬಿಸ್ಕತ್ತು ಕೊಟ್ಟು, ತಲೆ ಸವರಿ, ಎರಡೂ ಚಿಲಕದ ಹಿಂದಿನ ಗುಂಡಿಗಳನ್ನು ಒಟ್ಟಿಗೆ ಒತ್ತಿ ತೆಗೆಯಬೇಕೆಂದೂ ತಿಳಿಸಿದಳು. ಅವಳು ಹೇಳಿದ್ದನ್ನು ಕೆಂಚಪ್ಪನವರೂ ಕೇಳಿಸಿಕೊಂಡರು, ಗಪ್ಪನೆ ಸುಮ್ಮನಾದರು. ಆ ಮೌನದಲ್ಲಿ ರವೆ ಎದ್ದು ಬೋನಿನ ಹತ್ತಿರ ಹೋದಳು. ಈಗೊಮ್ಮೆ ಗದರಿದರೆ ಮುಗಿಯಿತು, ಸಂಜೆಗೆ ಬಸ್ ಸ್ಟಾಪೇ ಗತಿ. ಅವಳು ಗದರಲಿಲ್ಲ. ಸರಳಿನ ಸಂದಿಯಿಂದ ಮೂಗು ತೂರಿಸಿ ಅವರ ತರಚಿದ ಮೊಣಕಾಲನ್ನು ನೆಕ್ಕಿದಳು. ಆಮೇಲೆ ಬೋನಿಗೆ ಬೆನ್ನು ಒತ್ತಿಕೊಂಡು, ಅವರಿಗೆ ಆತುಕೊಂಡಂತೆ ಮಲಗಿದಳು. ಅಪೂರ್ವ ಬಿಸ್ಕತ್ತು ಕೊಟ್ಟಾಗ ಕೆಂಚಪ್ಪನವರು ಅದನ್ನು ಮುರಿದು ಅರ್ಧವನ್ನು ಸರಳಿನಾಚೆ ಹಿಡಿದರು. ತಲೆ ಸವರುವ ಕ್ರಮವನ್ನು ಮಾತ್ರ ನಾವು ಕೈಬಿಟ್ಟೆವು.

ಹೊರಗೆ ಬಂದವರು ಎದ್ದು ಹೋಗಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು ಕಾಲು ಚಾಚಿದರು. ರವೆ ಪದ್ಧತಿಯಂತೆ ಅವರ ಪಾದದ ಮೇಲೆ ಮಲಗಿದಳು. ಮೊಣಕಾಲು ನೀವಿಕೊಳ್ಳುತ್ತ, “ಒಳಗಾಕಿದ್ರೆ ಯಾವನಾದ್ರೂ ಬೊಗಳ್ತಾನೆ ಕಣಪ್ಪ” ಎಂದರು. ಏಳುವಾಗ ಹೊಸ ಷರತ್ತೊಂದನ್ನೂ ಹೇಳಿದರು: “ನಾಯಿ ಇರ್ಲಿ. ಈ ಬೋನು ಮಾತ್ರ ನನ್ ಬಿಲ್ಡಿಂಗ್‌ನಾಗೆ ಇರ್ಕೂಡ್ದು.”

ಆದಕಾರಣ ಮಾನ್ಯರೇ, ಬೋನನ್ನು ವಾಪಸು ತೆಗೆದುಕೊಳ್ಳಿ ಎಂದು ಕೇಳಿದರೆ ತಮ್ಮ ಕಚೇರಿಯವರು ಒಮ್ಮೆ ಬಳಸಿದ ಬೋನು ವಾಪಸಿಲ್ಲ ಎನ್ನುತ್ತಾರೆ. ನಾಯಿ ಅದರೊಳಗೆ ಕಾಲಿಟ್ಟೇ ಇಲ್ಲ. ನಾಯಿಯಲ್ಲದವರು ಕುಳಿತೆದ್ದರೆ ಬಳಕೆಯಾಗುತ್ತದೆಯೇ ಎಂಬುದನ್ನು ತಮ್ಮ ಕಾನೂನು ಪಂಡಿತರು ತಿಳಿಸಬೇಕು. ಸಂದೇಹ ಬಗೆಹರಿಯದಿದ್ದರೆ ತಾವೇ ಒಮ್ಮೆ ಉಲ್ಲಾಳಕ್ಕೆ ದಯಮಾಡಿಸಿ, ಆ ಸ್ವಂತ ಬೆಡ್‌ರೂಮಿನಲ್ಲಿ ಸ್ವಲ್ಪ ಹೊತ್ತು ಕುಳಿತು ತೀರ್ಮಾನಿಸಬಹುದು. ಬಾಗಿಲು ಹಾಕಲು ನಾನಿದ್ದೇನೆ. ಬಿಸ್ಕತ್ತೂ ಇದೆ. ಹಾಗೆಯೇ ತಖ್ತೆಯ ಎಲ್ಲಾದರೊಂದು ಮೂಲೆಯಲ್ಲಿ, ಟಿಬೆಟ್ಟಿನವರಿಗೂ ಮೆಕ್ಸಿಕೋದವರಿಗೂ ತೊಂದರೆಯಾಗದ ಹಾಗೆ, ಈ ಮಣ್ಣಿನ ನಾಯಿಗೂ ಒಂದು ಸಾಲು ಕೊಡಿ. ರಾಗಿಣಿಯನ್ನು ಬೈಯಬೇಡಿ. ಈ ವ್ಯವಹಾರದಲ್ಲಿ ನಮಗೆ ಉಪಯೋಗಕ್ಕೆ ಬಂದದ್ದು ಅವಳ ತಪ್ಪೊಂದೇ.

ಸದ್ಯಕ್ಕೆ ಬೋನು ಗೇಟಿನ ಆಚೆಗಿದೆ, ನಾಯಿ ಗೇಟಿನ ಒಳಗಿದೆ.

ಬಾಗಿಲು ಹಾಕು ಎಂದರೆ ಹಾಕುವ,
ತಮ್ಮ ವಿಶ್ವಾಸಿ,
ವೆಂಕಟಗಿರಿ

ತಾಜಾಕಲಂ: ಈ ಪತ್ರವನ್ನು ಕೆಂಚಪ್ಪನವರಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ಅವರದೊಂದೇ ತಿದ್ದುಪಡಿ. ಬೋನನ್ನು ಒಯ್ಯಲು ತಮ್ಮವರು ಬಂದಾಗ ಗೇಟಿನಲ್ಲಿ ಮೈಮೇಲೆ ಬೀಳುವವರು ಯಾರಾದರೂ ಇದ್ದರೆ ಅದು ರವೆಯಲ್ಲ ಎಂದು ಸ್ಪಷ್ಟವಾಗಿ ಬರೆಯಲು ಹೇಳಿದ್ದಾರೆ.