ಕೂಗಳತೆ ದೂರ

ಸರ್ವೆಯರ್ ಸಾಹೇಬರಿಗೆ ‘ಸುಮಾರು’ ಎಂಬ ಪದ ಕಂಡರೇ ಆಗುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಕಂಡವರ ಹೊಲ, ಓಣಿ, ಕಾಂಪೌಂಡುಗಳನ್ನು ಅಳೆದೂ ಅಳೆದೂ ಆ ಚಾಳಿ ಮನೆಯೊಳಗೂ ಬಂದಿತ್ತು. ಒಂದು ಚಿಟಿಕೆ ಉಪ್ಪು ಅಂದರೆ ಎಷ್ಟು ಗ್ರಾಂ ಎಂದು ಕೇಳಿ, ಹೆಂಡತಿ ಎತ್ತಿದ ಸೌಟಿನಿಂದ ಕೂದಲೆಳೆಯಲ್ಲಿ ಪಾರಾದವರು ಅವರು. (ಆ ಅಂತರವನ್ನೂ ಅವರು ಅಳೆಯುತ್ತಿದ್ದರೋ ಏನೋ, ಟೇಪು ಕೈಯಲ್ಲಿರಲಿಲ್ಲ.) ಇಂಥವರ ಕಣ್ಣಿಗೆ ಆ ಜಾಹೀರಾತು ಬಿದ್ದದ್ದೇ ಗ್ರಹಚಾರ.

‘ಸಮುದ್ರಕ್ಕೆ ಕೂಗಳತೆ ದೂರದಲ್ಲಿ ಸುಂದರ ಮನೆ. ಎರಡು ಕೋಣೆ, ನಾಲ್ಕೇ ಜನಕ್ಕೆ. ಅಂಗಳದಲ್ಲಿ ತೆಂಗಿನಮರಗಳು, ಅವುಗಳ ನಡುವೆ ಉಯ್ಯಾಲೆ. ವಾರದ ಬಾಡಿಗೆಗೆ ದೊರೆಯುತ್ತದೆ.’

ಹೆಂಡತಿ ಪತ್ರಿಕೆಯ ಆ ಚೂರನ್ನು ಕತ್ತರಿಸಿ ಅವರ ಕೈಗಿಟ್ಟು, “ಇದೇ ಮನೆ. ಅಮ್ಮನಿಗೆ ಇದಕ್ಕಿಂತ ಚೆನ್ನಾಗಿರೋದು ಸಿಗಲ್ಲ. ಫೋನ್ ಮಾಡಿ” ಅಂದಳು.

ಈ ಪ್ರವಾಸವೆಲ್ಲ ಅಮ್ಮನಿಗಾಗಿ, ಅಂದರೆ ಸಾಹೇಬರ ಅತ್ತೆಗಾಗಿ. ಎಪ್ಪತ್ನಾಲ್ಕು ವರ್ಷದ ಆಕೆ ಸಮುದ್ರವನ್ನೇ ನೋಡಿರಲಿಲ್ಲ. ಕಾಲು ಗಟ್ಟಿಯಿದ್ದಾಗ ಬಿಡುವಿರಲಿಲ್ಲ, ಬಿಡುವು ಬಂದಾಗ ಮಂಡಿ ಕೈಕೊಟ್ಟಿತು. ಒಂದೇ ಸಲಕ್ಕೆ ಇನ್ನೂರು ಹೆಜ್ಜೆ, ಅದರ ಮೇಲೆ ಒಂದು ಹೆಜ್ಜೆಯೂ ಬೇಡವೆಂದು ಡಾಕ್ಟರ ಅಪ್ಪಣೆಯಾಗಿತ್ತು. “ಹೋಗೋದರೊಳಗೆ ಒಂದ್ಸಲ ಸಮುದ್ರದಲ್ಲಿ ಕಾಲು ನೆನೆಸಬೇಕಪ್ಪ” ಎಂದು ಆಕೆ ಯಾವಾಗಲೋ ಬಟ್ಟೆ ಮಡಚುತ್ತಾ ಅಂದಿದ್ದಳು. ಮತ್ತೆ ಆ ಮಾತೆತ್ತಿರಲಿಲ್ಲ. ಸಾಹೇಬರಿಗೆ ಮಾತ್ರ ಅದು ಮನಸ್ಸಿನಲ್ಲೇ ನಿಂತುಬಿಟ್ಟಿತ್ತು. ಲೋಕ ಏನೇ ತಮಾಷೆ ಮಾಡಲಿ, ಅವರಿಗೆ ಅತ್ತೆಯನ್ನು ಕಂಡರೆ ಬಲು ಪ್ರೀತಿ. ಆದ್ದರಿಂದಲೇ ಈ ತಕರಾರು.

“ಕೂಗಳತೆ ಅಂದ್ರೆ ಎಷ್ಟು ಮೀಟರ್?”

“ಹತ್ತಿರ ಅಂತ ರೀ.”

“ಹತ್ತಿರ ಅಂದ್ರೆ?”

“ಕೂಗಳತೆ ಅಂತ! ಎರಡೂ ಒಂದೇ. ಅಳಿಯ ಅಲ್ಲ, ಮಗಳ ಗಂಡ.”

ಸಾಹೇಬರು ಮನೆಯೊಡತಿಗೇ ಫೋನ್ ಹಚ್ಚಿದರು. ಎಷ್ಟು ದೂರ ಎಂದರೆ ಆಕೆ, “ಕೂಗಿದ್ರೆ ಕೇಳಿಸುತ್ತೆ ಸಾರ್” ಅಂದಳು.

“ಯಾರು ಕೂಗಿದ್ರೆ?”

“ಯಾರು ಬೇಕಾದ್ರೂ ಕೂಗಬಹುದು ಸಾರ್, ನಮ್ಮದೇನೂ ಅಭ್ಯಂತರ ಇಲ್ಲ.”

“ಹೋಗಲಿ, ಎಷ್ಟು ಹೆಜ್ಜೆ?”

“ಹೋಗೋವಾಗ ಕಮ್ಮಿ ಸಾರ್, ಬರೋವಾಗ ಜಾಸ್ತಿ. ಮರಳು ನೋಡಿ.”

ಭಾನುವಾರ ಹತ್ತು ಗಂಟೆಯವರೆಗೆ ಮನೆಯನ್ನು ಅವರಿಗಾಗಿ ಇಟ್ಟಿರುತ್ತೇನೆ, ಆಮೇಲೆ ಮೊದಲು ಕೇಳಿದವರಿಗೆ ಕೊಡುತ್ತೇನೆ ಎಂದು ಹೇಳಿ ಆಕೆ ಫೋನಿಟ್ಟಳು. ಸಾಹೇಬರು ಮೊಬೈಲಿನ ನಕ್ಷೆಯಲ್ಲಿ ಹುಡುಕಿದರು. ಅಲ್ಲಿ ಮನೆ ನಡುನೀರಿನಲ್ಲಿತ್ತು. ಇನ್ನು ಉಳಿದದ್ದು ಒಂದೇ ದಾರಿ, ಕೂಗಳತೆಯನ್ನೇ ಅಳೆಯುವುದು.

ಭಾನುವಾರ ಎಂಟು ಗಂಟೆಗೆ ಸಾಹೇಬರು ಟೇಪು, ಸೀಮೆಸುಣ್ಣ, ನೋಟ್‌ಬುಕ್ ಸಮೇತ ಬೀದಿಗಿಳಿದರು. ಹೆಂಡತಿಯನ್ನು ತಾರಸಿ ಹತ್ತಿಸಿದ್ದರು. ಅವಳು ಕೂಗಬೇಕು, ಇವರಿಗೆ ಕೇಳಿಸಿದರೆ ಕರವಸ್ತ್ರ ಎತ್ತಬೇಕು, ಕೇಳಿಸದ ಜಾಗವೇ ಕೂಗಳತೆಯ ಗಡಿ ಎಂಬುದು ಯೋಜನೆ. ಅವಳು ಎರಡನೇ ತರಗತಿಯ ಟೀಚರಮ್ಮ. ಐವತ್ತು ಮಕ್ಕಳ ಗಲಾಟೆಯನ್ನು ಒಂದೇ ಉಸಿರಿಗೆ ಅಡಗಿಸುವ ಕಂಠ.

“ಏನಂತ ಕೂಗಲಿ?”

“ದಿನಾ ಕೂಗೋ ಹಾಗೇ ಕೂಗು.”

ಮೊದಲ ಮೂವತ್ತು ಮೀಟರಿಗೆ ಗೆರೆ ಎಳೆದು ಸಾಹೇಬರು ಬರೆದುಕೊಳ್ಳಲು ಬಗ್ಗಿದರು. ತಾರಸಿಯಿಂದ “ರೀ” ಎಂದು ಕೇಳಿಬಂತು. ಕರವಸ್ತ್ರ ಮೇಲೇಳಲಿಲ್ಲ. “ರೀ...!” ಉಹೂಂ. ಹೆಂಡತಿ ಸೆರಗು ಸಿಕ್ಕಿಸಿಕೊಂಡಳು, ಎದೆ ತುಂಬ ಗಾಳಿ ಎಳೆದುಕೊಂಡಳು.

“ರೀ.......!”

ಆಗ ನಡೆಯಿತು ನೋಡಿ ಪವಾಡ. ಬೀದಿಯ ಉದ್ದಕ್ಕೂ ಬಾಗಿಲುಗಳು ತೆರೆದುಕೊಂಡವು. ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡ ಬ್ಯಾಂಕಿನವರು ಹೊರಬಂದರು. ಡ್ರೈವಿಂಗ್ ಕಲಿಸುವವರು ಕಾರಿನ ಅಡಿಯಿಂದ ತೆವಳಿ ಬಂದರು. ಬೀದಿಯ ಕಟ್ಟಕಡೆಯ ಮನೆಯಿಂದ ಔಷಧಿ ಅಂಗಡಿಯವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದರು. ಎಲ್ಲರ ಬಾಯಲ್ಲೂ ಒಂದೇ ಮಾತು, “ಬಂದೆ, ಬಂದೆ! ಏನೇ?”

ಹಿಂದೆಯೇ ಅವರವರ ಹೆಂಡಂದಿರು. “ನಾನೆಲ್ಲಿ ಕರೆದೆ? ನಾನು ಕರೆದಾಗ ಅಲ್ಲಾಡದ ಜೀವ, ಯಾರೋ ಕರೆದ್ರೆ ಓಡ್ತೀರಲ್ಲ!”

ಬೀದಿಯಲ್ಲಿದ್ದ ಗಂಡಂದಿರೆಲ್ಲ ಓಗೊಟ್ಟರು. ಓಗೊಡದೆ ಬೆನ್ನು ತಿರುಗಿಸಿ ಲೆಕ್ಕ ಬರೆಯುತ್ತಿದ್ದವರು ಒಬ್ಬರೇ, ಕೂಗಿದವಳ ಸ್ವಂತ ಗಂಡ. ಅವರು ನಾಟಕವಾಡುತ್ತಿರಲಿಲ್ಲ, ಪಾಪ. ಬಹಳ ವರ್ಷ ಸಾಕಿದ ಜಾಣಕಿವುಡು ಕೊನೆಗೆ ಜಾಣತನ ಬಿಟ್ಟು, ಹೆಂಡತಿಯ ಕೂಗಿನ ಮಟ್ಟಿಗೆ ಬರೀ ಕಿವುಡಾಗಿ ಉಳಿದಿತ್ತು.

ಜನ ಸೇರಿದ್ದು ಕಂಡು ಸಾಹೇಬರು ತಲೆಯೆತ್ತಿದರು. ವಿಷಯ ತಿಳಿದಾಗ ನಾಚಿಕೆಯಾಗಬೇಕಿತ್ತು, ಆದರೆ ಅವರಿಗಾದದ್ದು ಪರಮಾನಂದ. ಔಷಧಿ ಅಂಗಡಿಯವರ ಗೇಟಿನವರೆಗೆ ಟೇಪು ಹಿಡಿದರು. “ಮುನ್ನೂರ ಹನ್ನೆರಡು ಮೀಟರ್! ನಮ್ಮತ್ತೆಗೆ ಅಷ್ಟು ಆಗಲ್ಲ. ಆದರೆ ಒಬ್ಬರ ಕೂಗು ನಂಬೋಕಾಗಲ್ಲ, ಸರಾಸರಿ ಬೇಕು.” ನೆರೆದವರಿಗೆಲ್ಲ ಮನೆಯ ವರ್ಣನೆ ಆಯಿತು, ತೆಂಗಿನಮರ, ಉಯ್ಯಾಲೆ, ಹತ್ತು ಗಂಟೆಯ ಗಡುವು ಎಲ್ಲ ಆಯಿತು. ಪತ್ರಿಕೆಯ ಚೂರು ಕೈಯಿಂದ ಕೈಗೆ ಓಡಾಡಿತು.

ಆಮೇಲೆ ಬೀದಿಯ ಹೆಂಗಸರು ಸರದಿಯಂತೆ ತಾರಸಿ ಹತ್ತಿ “ರೀ” ಎಂದರು. ವರ್ಷಗಳ ಸಿಟ್ಟೆಲ್ಲ ಹೊರಬಂತು. ಬ್ಯಾಂಕಿನವರ ಹೆಂಡತಿ ಸರದಿ ತಪ್ಪಿಸಿ ಎರಡು ಸಲ ಕೂಗಿದಳು. ಸಾಹೇಬರು ಸರಾಸರಿ ತೆಗೆಯುವುದರಲ್ಲಿ ಮುಳುಗಿದರು.

“ರೀ, ಹತ್ತಕ್ಕೆ ಐದು ನಿಮಿಷ ಇದೆ, ಫೋನ್ ಮಾಡಿ!” ಎಂದು ಹೆಂಡತಿ ಕೂಗಿದ್ದು ಇಡೀ ಬೀದಿಗೆ ಕೇಳಿಸಿತು. ಯಾರಿಗೆ ಕೇಳಿಸಲಿಲ್ಲ ಎಂದು ಬೇರೆ ಹೇಳಬೇಕೆ?

ಹತ್ತೂ ಕಾಲಿಗೆ ಸಾಹೇಬರು ಫೋನ್ ಮಾಡಿದಾಗ ಮನೆಯೊಡತಿ, “ಈಗ ತಾನೇ ಹೋಯ್ತು ಸಾರ್. ಔಷಧಿ ಅಂಗಡಿಯವರಂತೆ, ಗಂಡ ಹೆಂಡತಿ ಇಬ್ಬರೇ. ಬಹಳ ಒಳ್ಳೆ ಜನ, ಏನೂ ಪ್ರಶ್ನೆ ಕೇಳಲಿಲ್ಲ” ಅಂದಳು.

ಸಾಹೇಬರ ಮುಖ ಕಪ್ಪಿಟ್ಟಿತು. ಅತ್ತೆ ಗುರುವಾರವೇ ತುಂಬಿಟ್ಟಿದ್ದ ಚೀಲದಿಂದ ಒಂದೊಂದೇ ಬಟ್ಟೆ ತೆಗೆದು ಬೀರುವಿಗೆ ಸೇರಿಸತೊಡಗಿದಳು. “ಹೋಗ್ಲಿ ಬಿಡಿ ಅಳಿಯಂದ್ರೇ, ನೀವು ನನಗೋಸ್ಕರ ತಾನೇ ಅಳೆದದ್ದು” ಅಂದಳು. ಸಾಹೇಬರಿಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು.

ಮಧ್ಯಾಹ್ನ ಔಷಧಿ ಅಂಗಡಿಯವರ ಹೆಂಡತಿಯೇ ಬಂದಳು. “ಅಮ್ಮ ಸಮುದ್ರವನ್ನೇ ನೋಡಿಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ. ನಮಗೆ ಒಂದು ಕೋಣೆ ಸಾಕು. ಅಮ್ಮ ನಮ್ಮ ಜೊತೆ ಬರಲಿ, ಜೊತೆಗೆ ಇನ್ನೊಬ್ಬರಿಗೆ ಜಾಗ ಇದೆ.”

ಎರಡು ಕೋಣೆ, ನಾಲ್ಕೇ ಜನ. ಈ ಲೆಕ್ಕಕ್ಕೆ ಟೇಪು ಬೇಕಾಗಲಿಲ್ಲ. ತಾಯಿಯ ಮಂಡಿಗೆ ಎಣ್ಣೆ ತಿಕ್ಕಲು ಮಗಳು ಹೋಗಬೇಕು, ಗಿಡಗಳಿಗೆ ನೀರು ಹಾಕಲು ಅಳಿಯ ಉಳಿಯಬೇಕು ಎಂದು ಹೆಂಗಸರೇ ತೀರ್ಮಾನಿಸಿದರು. ಚೀಲ ಎರಡು ನಿಮಿಷದಲ್ಲಿ ಮತ್ತೆ ತುಂಬಿತು.

ಅವರು ತಲುಪಿದ ದಿನ ಸಂಜೆ ಸಾಹೇಬರು ಅಡುಗೆಮನೆಯಲ್ಲಿ ಒಬ್ಬರೇ ನಿಂತು ಬ್ರೆಡ್ ಕಡಿಯುತ್ತಿದ್ದಾಗ ಫೋನ್ ಬಂತು. ಭೋರೆಂಬ ಸದ್ದಿನ ನಡುವೆ ಅತ್ತೆಯ ದನಿ.

“ಅಳಿಯಂದ್ರೇ, ನಾನು ನೀರಲ್ಲಿದ್ದೀನಿ! ಮೊಣಕಾಲ ತನಕ!”

ಸಾಹೇಬರಿಗೆ ತಾವು ಹೋಗಲಿಲ್ಲವೆಂಬ ಬೇಸರ ಆ ಕ್ಷಣ ಮರೆತೇಹೋಯಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. “ಅತ್ತೆ, ಮನೆಯಿಂದ ನೀರಿಗೆ ಎಷ್ಟು ಹೆಜ್ಜೆ ಆಯ್ತು?”

“ಯಾರಪ್ಪ ಎಣಿಸಿದ್ರು? ಸಮುದ್ರ ಕಾಣಿಸ್ತು, ನಡೆದುಬಿಟ್ಟೆ.”

ಅಷ್ಟರಲ್ಲಿ ಆ ಕಡೆ ಎಲ್ಲೋ ದೂರದಿಂದ, ಅಲೆಗಳನ್ನೂ ಮೀರಿ, ಪರಿಚಿತ ಕಂಠವೊಂದು ಕೇಳಿಬಂತು. “ಅಮ್ಮಾ! ಸಾಕು, ವಾಪಸ್ ಬಾ!”

“ಅತ್ತೆ, ಅವಳು ಕೂಗ್ತಿದ್ದಾಳೆ” ಅಂದರು ಸಾಹೇಬರು.

“ಹೌದಾ? ನನಗೇನೂ ಕೇಳಿಸ್ತಿಲ್ವಲ್ಲ” ಅಂದಳು ಅತ್ತೆ. “ಅದಿರಲಿ ಅಳಿಯಂದ್ರೇ, ನಿಮಗೆ ಯಾವಾಗಿನಿಂದ ಕೇಳಿಸೋಕೆ ಶುರುವಾಯ್ತು?”