ಮುಖಕ್ಕೆ ಕೆನೆ ಹಚ್ಚಿಸಿಕೊಂಡ ಬೇಸಿಗೆ

ನನ್ನ ಮುಖದ ಯಜಮಾನಿ ನನ್ನ ಹೆಂಡತಿ ಅನಾರ್ಕಾನ್ ಎಂಬುದು ನನಗೆ ತಿಳಿದದ್ದು ಸೊನ್‌ಕೂಲ್ ಸರೋವರದ ದಡದ ಬೆಟ್ಟದ ಹುಲ್ಲುಗಾವಲಿನಲ್ಲಿ. ಆಗ ನನಗೆ ನಲವತ್ತು. ಈಗ ಮುದುಕನಾದರೂ ಆ ಬೇಸಿಗೆ ನೆನೆದರೆ ಮೂಗಿಗೆ ಕೆನೆಯ ವಾಸನೆ ಬಡಿಯುತ್ತದೆ.

ಕುದುರೆ ನೋಡಲು ಬಂದವನೊಬ್ಬ ನಮ್ಮ ಗುಡಾರದ ಬಾಗಿಲಲ್ಲಿ ನಿಂತು ಅನಾರ್ಕಾನಳಿಗೆ, "ಅಕ್ಕಾ, ನಿಮ್ಮ ಅಪ್ಪನ್ನ ಸ್ವಲ್ಪ ಕರೀತೀರಾ?" ಅಂದ. ಅಪ್ಪ ಅಂದರೆ ನಾನು! (ಅವಳೇ ನನಗಿಂತ ಎರಡು ವರ್ಷ ದೊಡ್ಡವಳು. ಯಾರಿಗೂ ಹೇಳಬೇಡಿ.)

ಅವನು ಹೋದದ್ದೇ ತಡ, ಶುರುವಾಯಿತು.

"ಏನ್ರೀ, ಮುಖಾನ ಕುದುರೆ ಮೇಲಿನ ಹಳೇ ಜೀನು ಮಾಡ್ಕೊಂಡಿದ್ದೀರಿ! ಬೆಟ್ಟದ ಬಿಸಿಲು ಕೆಟ್ಟದ್ದು ಅಂತ ಎಷ್ಟು ಬಡ್ಕೊಂಡೆ? ಮುಂದಿನ ತಿಂಗಳು ನನ್ನ ತಮ್ಮನ ಮದುವೆ. ಈ ಮುಖ ಹೊತ್ಕೊಂಡು ಬರ್ತೀರಾ?"

"ಗಂಡಸಿನ ಮುಖ ಕಣೇ, ಬಿಸಿಲು ಬೀಳೋದಕ್ಕೇ ಇರೋದು."

"ನಾನು ನೋಡೋದಕ್ಕೆ ಇರೋದು!"

ಅಂದಿನಿಂದ ನನಗೆ ನಿತ್ಯ ಅಭಿಷೇಕ. ಮುಖಕ್ಕೆ ದಪ್ಪ ಕೆನೆ, ಅದರ ಮೇಲೆ ಕಣ್ಣಷ್ಟೇ ಕಾಣುವಂತೆ ಅವಳ ಹೂವಿನ ತಲೆವಸ್ತ್ರ, ಅದರ ಮೇಲೆ ನನ್ನ ಟೋಪಿ. ಈ ದಿವ್ಯಾಲಂಕಾರದಲ್ಲಿ ಕುರಿ ಮೇಯಿಸಲು ಹೊರಟರೆ ಹಿಂದೆ ನೊಣಗಳ ದಿಬ್ಬಣ. ಪಕ್ಕದ ಗುಡಾರದ ಮುದುಕಿ, "ಅನಾರ್ಕಾನ್, ನಿನ್ನ ತಂಗಿ ಯಾವಾಗ ಬಂದ್ಲೇ? ಕುದುರೆ ಚೆನ್ನಾಗಿ ಓಡಿಸ್ತಾಳೆ!" ಎಂದು ಕೂಗಿದಳು. ಆದರೂ ಸಂಜೆ ಅನಾರ್ಕಾನ್ ಬಿಸಿನೀರಲ್ಲಿ ಬಟ್ಟೆ ಅದ್ದಿ ಮೆಲ್ಲಗೆ ನನ್ನ ಮುಖ ಒರೆಸುತ್ತಿದ್ದಳಲ್ಲ, ಅದಕ್ಕಾಗಿ ಆ ನೊಣಗಳನ್ನೂ ಕ್ಷಮಿಸಿದ್ದೆ.

ಮದುವೆಯ ಹೊತ್ತಿಗೆ ನನ್ನ ಮುಖ ಸುಲಿದ ಮೊಟ್ಟೆ! ಹೆಣ್ಣಿನ ಮನೆಯವರು ನನ್ನನ್ನು ಹಿಂದೆ ಕಂಡವರಲ್ಲ. ಒಬ್ಬ ಹಿರಿಯ ನನ್ನ ತೋಳು ಹಿಡಿದು, "ತಮ್ಮಾ, ಬಾಗಿಲ ಹತ್ರ ಕೂತ್ಕೋ. ಆ ಹೂಜಿ ತಗೊಂಡು ದೊಡ್ಡವರ ಕೈಗೆ ನೀರು ಹಾಕು" ಅಂದ. ಅದು ಹುಡುಗರ ಜಾಗ, ಹುಡುಗರ ಕೆಲಸ! ನನಗಿಂತ ಎಷ್ಟೋ ಚಿಕ್ಕವನಾದ ನನ್ನ ಷಡ್ಡಕ ಬಿಸಿಲಲ್ಲಿ ಬೆಂದ ಮುಖದ ಬಲದಿಂದ ಹಿರಿಯರ ಸಾಲಲ್ಲಿ ಕುಳಿತಿದ್ದ. ಹಿರಿಯರಿಗೆ ಗೌರವವೆಂದು ಬಡಿಸುವ ಬೆಂದ ಕುರಿಯ ತಲೆಯೂ ಅವನ ಮುಂದೆಯೇ ಬಂತು. ಅವನ ಕೈಗೂ ನೀರು ಹಾಕಿದೆ. "ನೂರ್ಕಾಲ ಬಾಳು ಮಗನೇ" ಎಂದು ಹರಸಿದ, ಪಾಪಿ!

ವಾಪಸು ಬರುವಾಗ ಅನಾರ್ಕಾನ್ ಕುದುರೆ ನಿಲ್ಲಿಸಿ, ಮದುವೆಮನೆಯಿಂದ ವಸ್ತ್ರದಲ್ಲಿ ಕಟ್ಟಿ ತಂದಿದ್ದ ಮಾಂಸ ನನ್ನ ಕೈಗಿಟ್ಟಳು.

"ತಿನ್ನೋ ಹುಡುಗಾ" ಅಂದು ಬಿದ್ದು ಬಿದ್ದು ನಕ್ಕಳು. ಸಂಜೆಯ ಬೆಳಕಲ್ಲಿ ಅವಳು ಎಷ್ಟು ಚೆಂದ ಕಂಡಳೆಂದರೆ, ನನ್ನ ಬಾಯಿ ಸುಮ್ಮನಿರಲಿಲ್ಲ.

"ನಗೋವಾಗ ನಿನ್ನ ಕಣ್ಣಂಚಿನ ಸುಕ್ಕು ಎಷ್ಟು ಚೆಂದ ಕಣೇ!"

ನಗು ನಿಂತಿತು.

"ಸುಕ್ಕಾ? ಎಲ್ಲಿ?"

ಕುದುರೆಯನ್ನು ಗುಡಾರದವರೆಗೂ ಓಡಿಸಿಕೊಂಡು ಹೋದಳು. ಆ ಬೇಸಿಗೆಯಲ್ಲಿ ಮಿಕ್ಕ ಕೆನೆಯೆಲ್ಲ ಅವಳ ಮುಖಕ್ಕೇ ಹೋಯಿತು. ನಾನು ಕೆನೆಯಿಲ್ಲದ ಒಣ ರೊಟ್ಟಿ ಅಗಿದೆ.